ಬೆಳಗಿನ ಮೊದಲ ಎಳೆತ

"ಎಳಿ," ಅಂದರು ನಮ್ಮವರು ಒಳಗಿನಿಂದ.

ನಾನು ಮುಂಬಾಗಿಲ ಪಕ್ಕ ನಿಂತಿದ್ದೆ. ಗೋಡೆಯ ಹಲಗೆ ಮೇಲೆ ಇಂಟರ್ನೆಟ್ಟಿನ ಪೆಟ್ಟಿಗೆ. ಅದರ ಬೆನ್ನಿಗೆ ಸಿಕ್ಕಿಸಿದ ವೈರು ಎಳೆದೆ. ಹಸಿರು ದೀಪ ಆರಿತು.

"ಎಳೆದೆ," ಅಂದೆ.

ಪರದೆ ನೋಡುವಾಗ ಅವರು ಉಸಿರೂ ಬಿಡುವುದಿಲ್ಲ. ನಾನು ನಿಂತಲ್ಲಿಂದ ಅವರು ಕಾಣುವುದಿಲ್ಲ. ಇಕ್ಕಟ್ಟಾದ ಪ್ಯಾಸೇಜು ದಾಟಿ ಮೂಲೆ ತಿರುಗಿದರೆ ಅವರ ಕೋಣೆ.

"ಹಾಕು."

ಹಾಕಿದೆ. ದೀಪ ಮಿಣಮಿಣ ಅಂದು ನಿಂತಿತು.

"ಏನಾಯ್ತು?" ಅಂದೆ.

"ಟೀ ಆಯ್ತಾ?"

"ಕೇಳಿದ್ದಕ್ಕೆ ಮೊದಲು ಹೇಳಿ."

"ಗಂಟಲು ಒಣಗಿದವನು ಏನು ಹೇಳ್ತಾನೆ ಕಣೇ."

ಅದು ನಮ್ಮವರ ಕೊನೆಯ ಬೆಳಿಗ್ಗೆ. ಬೇರೆ ಬೆಳಿಗ್ಗೆಗಳ ಹಾಗೇ ಇತ್ತು. ನೋಡಿ ಗುರುತಿಡುವಂಥದ್ದು ಏನೂ ಇರಲಿಲ್ಲ.

ನಿಮ್ಮ ಯಜಮಾನರದು ಏನು ಕೆಲಸ ಅಂತ ಕೇಳಿದವರಿಗೆ ನಾನು, "ವೈರು ಎಳೆಸೋ ಕೆಲಸ" ಅನ್ನುತ್ತಿದ್ದೆ. ಎಳೆಯುವವಳು ನಾನು, ಸಂಬಳ ಅವರಿಗೆ. ಅವರು ಅದಕ್ಕೆ ನಗುತ್ತಿದ್ದರು, ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಮೊದಲು ಅವರು ನೀರಿನ ಕಚೇರಿಯಲ್ಲಿದ್ದರು. ಸೋರಿಕೆ ಹುಡುಕುವ ಕೆಲಸ. ಉದ್ದನೆಯ ಕಬ್ಬಿಣದ ಸರಳನ್ನು ರಸ್ತೆಗೆ ಊರಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ನೆಲದ ಕೆಳಗಿನ ಪೈಪಿನ ಸದ್ದು ಕೇಳುವುದು. ಕಚೇರಿಯಲ್ಲಿ ಅವರನ್ನು ಕಿವಿಯಪ್ಪ ಅಂತಲೇ ಕರೆಯುತ್ತಿದ್ದರು. ನೀರು ಬಿಡುವ ಹೊತ್ತಿಗೆ ಸರಿಯಾಗಿ ಅಲ್ಲಿರಬೇಕಿತ್ತು. "ಖಾಲಿ ಪೈಪಿಗೆ ಮೊದಲ ನೀರು ನುಗ್ಗುತ್ತಲ್ಲ, ಆವಾಗ ಅದು ನಿಜ ಹೇಳುತ್ತೆ. ತುಂಬಿದ ಮೇಲೆ ಎಲ್ಲಾ ಪೈಪೂ ಸಂಭಾವಿತ" ಅನ್ನುತ್ತಿದ್ದರು. ಒಂದು ದಿನ ತೋಡಿದ ಗುಂಡಿಗೆ ಬಿದ್ದು ಸೊಂಟ ಹೋಯಿತು. ಕಚೇರಿಯವರು ಮನೆಗೆ ಕಳಿಸಿದರು.

ಮನೆಯಲ್ಲಿ ಕೂತು ನನ್ನ ತಲೆ ತಿನ್ನುತ್ತಿದ್ದಾಗ ಹಳೇ ಸ್ನೇಹಿತರೊಬ್ಬರು ಈ ಕೆಲಸ ತಂದರು. ಅವರದು ಒಂದು ಸಣ್ಣ ಆಫೀಸು. ಯಾವ ಫೋನು ಒಳ್ಳೇದು, ಯಾವ ವಿಪಿಎನ್ ಒಳ್ಳೇದು ಅಂತ ಇಂಟರ್ನೆಟ್ಟಿನಲ್ಲಿ ಬರೆದು ಹಾಕುತ್ತಾರೆ. ನಾವು ಅವರನ್ನು ಆಫೀಸಿನವರು ಅನ್ನುತ್ತಿದ್ದೆವು. ಓದಿದವರು ಬೇಡ, ತಾಳ್ಮೆ ಇದ್ದವರು ಬೇಕು ಅಂದರಂತೆ.

ವಿಪಿಎನ್ ಅಂದರೆ ಏನು ಅಂತ ನಾನು ಕೇಳಿದ್ದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅವರು ನನಗೆ ಪೈಪಿನ ಲೆಕ್ಕದಲ್ಲಿ ಹೇಳಿದರು.

"ನೀನು ಫೋನಲ್ಲಿ ಏನು ನೋಡಿದ್ರೂ ಅದು ನಮ್ಮ ಪೆಟ್ಟಿಗೆ ದಾಟಿ ಹೋಗಬೇಕು. ಪೆಟ್ಟಿಗೆ ಯಾರ ಕೈಲಿದೆಯೋ ಅವರಿಗೆ ನೀನು ಎಲ್ಲಿಗೆ ಹೋದೆ ಅಂತ ಕಾಣುತ್ತೆ. ವಿಪಿಎನ್ ಅಂದ್ರೆ ಮುಚ್ಚಿದ ಪೈಪು. ಅದರೊಳಗೆ ಹೋದ್ರೆ ಕಾಣಲ್ಲ."

"ಪೈಪು ಒಡೆದ್ರೆ?"

"ಒಡೆದ್ರೆ ನೀರು ನಿಲ್ಲಬೇಕು. ಹೊರಗೆ ಚೆಲ್ಲಬಾರದು. ಚೆಲ್ಲಿದ್ರೆ ಅದು ಕೆಟ್ಟ ಪೈಪು. ಒಡೆಯೋದು ನಿನ್ನ ಕೆಲಸ, ಚೆಲ್ಲುತ್ತಾ ನೋಡೋದು ನನ್ನ ಕೆಲಸ."

ಅಷ್ಟೇ. ಅವರ ಮೇಜಿನ ಮೇಲೆ ಒಂದು ಹಳೇ ಫೋನು, ಅದರಿಂದ ಹೊರಗೆ ಹೋಗುವುದನ್ನೆಲ್ಲ ನೋಡುವ ಒಂದು ಕಂಪ್ಯೂಟರು, ನಡುವೆ ವೈರುಗಳ ಗೂಡು. ಪೈಪಿನೊಳಗೇ ಹೋಗುತ್ತಿದ್ದರೆ ಪರದೆ ಹಸಿರು. ಏನೂ ಹೋಗದಿದ್ದರೆ ಬಿಳಿ. ಹೊರಗೆ ಚೆಲ್ಲಿದರೆ ಕೆಂಪು. ಬಣ್ಣಗಳನ್ನು ಅವರೇ ಇಟ್ಟುಕೊಂಡಿದ್ದರು, ಅಕ್ಷರ ಓದುವುದು ಅವರಿಗೂ ಬೇಜಾರು.

"ಆ ಕಂಪನಿಯವರೇ ನಮ್ಮದನ್ನ ಬರೆದಿಟ್ಟುಕೊಂಡ್ರೆ?" ಅಂತ ಒಂದು ಸಲ ಕೇಳಿದೆ.

"ಬರೆದಿಟ್ಟುಕೊಳ್ಳಲ್ಲ ಅಂತ ಎಲ್ಲರೂ ಹೇಳ್ತಾರೆ. ಅದು ನನಗೆ ಕಾಣಲ್ಲ. ಕಾಣದ್ದಕ್ಕೆ ನಾನು ಮಾರ್ಕು ಹಾಕಲ್ಲ."

ಇದೆಲ್ಲ ನಮಗೆ ಹೊಟ್ಟೆಪಾಡು. ಪುಟ್ಟಿ ಬಂದು ಕೇಳುವ ತನಕ ಅಷ್ಟೇ ಆಗಿತ್ತು.

ಪುಟ್ಟಿ ನನ್ನ ತಂಗಿ. ನರ್ಸ್ ಓದಿದವಳು. ಅವಳ ಗಂಡ ಇಂಟರ್ನೆಟ್ ಲೈನ್ ಎಳೆಯುವ ಕಂಪನಿಯಲ್ಲಿ ಸೂಪರ್‌ವೈಸರು. ಮನೆಯಲ್ಲೂ ಸೂಪರ್‌ವೈಸರೇ. ಅವಳನ್ನು ಕೆಲಸಕ್ಕೆ ಕಳಿಸಲಿಲ್ಲ. ಅವಳ ಸಿಮ್ಮಿನಲ್ಲಿ ಕರೆ ಮಾತ್ರ, ನೆಟ್ಟು ಬೇಕಾದರೆ ಮನೆ ಪೆಟ್ಟಿಗೆಯಿಂದಲೇ. ಸಂಜೆ ಕಾಲು ಚಾಚಿ ಕೂತು, ಪೆಟ್ಟಿಗೆ ತೆಗೆದು ನೋಡುತ್ತಾನೆ. "ಮಧ್ಯಾಹ್ನ ಆಸ್ಪತ್ರೆ ಪೇಜ್ ನೋಡಿದೀಯ. ಯಾರಿಗೆ ಏನಾಗಿದೆ?" ಹೊಡೆಯುವುದಿಲ್ಲ. ಬೈಯುವುದೂ ಇಲ್ಲ. ಕೇಳುತ್ತಾನೆ. ಉತ್ತರ ಸಿಗುವ ತನಕ ಕೇಳುತ್ತಾನೆ. ಆಮೇಲೆ ಒಂದಷ್ಟು ದಿನ ಹೊರಗಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಕೇಳಿದರೆ ಕಳ್ಳರ ಕಾಟ ಅನ್ನುತ್ತಾನೆ.

ದೂರದ ಒಂದು ಆಸ್ಪತ್ರೆ ನರ್ಸುಗಳನ್ನು ತೆಗೆದುಕೊಳ್ಳುತ್ತಿತ್ತು, ಇರಲು ಕೋಣೆ ಕೂಡ ಕೊಡುತ್ತಿತ್ತು. ಅರ್ಜಿ ಹಾಕಬೇಕು, ಮರೆತ ಪಾಠಗಳನ್ನು ಫೋನಿನಲ್ಲೇ ಕೂತು ಮುಗಿಸಬೇಕು, ಪರೀಕ್ಷೆ ಕೊಡಬೇಕು. ಅಷ್ಟು ದಿನ ಗಂಡನ ಕಣ್ಣಿಗೆ ಕಾಣಬಾರದು. ಪುಟ್ಟಿ ನಮ್ಮವರನ್ನು ಕೇಳಿದಳು. "ಭಾವ, ಅವನ ಪೆಟ್ಟಿಗೆಗೆ ಕಾಣದ ಪೈಪು ಯಾವುದು?"

ಅವರು ತಲೆ ಕೆರೆದುಕೊಂಡರು. "ನೋಡ್ತೀನಿ. ನಾನು ಹೇಳೋ ತನಕ ಏನೂ ಮುಟ್ಟಬೇಡ. ಒಂದು ಸಲ ಕೆಂಪಾದ್ರೆ ಸಾಕು ಅವನಿಗೆ."

ಆ ಕೊನೆಯ ಬೆಳಿಗ್ಗೆ ನೋಡುತ್ತಿದ್ದದ್ದು ಆ ಪೈಪನ್ನೇ. ಅದರ ಚಿತ್ರ ಕೊಡೆ. ಹಾಗಾಗಿ ನಾವು ಅದನ್ನು ಕೊಡೆ ಅನ್ನುತ್ತಿದ್ದೆವು. ಹೊರಗಿಂದ ನೋಡಿದವರಿಗೆ ಸಿನಿಮಾ ನೋಡುತ್ತಿರುವ ಹಾಗೆ ಕಾಣುವ ವೇಷ ಅದಕ್ಕಿತ್ತು. ಬೇಕಾದರೆ ಫೋನಿನಲ್ಲಿ ಕೊಡೆಯ ಬದಲು ಕೂಡುವ ಕಳೆಯುವ ಯಂತ್ರದ ಚಿತ್ರ ಹಾಕಿಕೊಂಡು ಕೂರುತ್ತಿತ್ತು. ಪುಟ್ಟಿಗೆ ಹೇಳಿ ಮಾಡಿಸಿದ ಹಾಗಿತ್ತು.

ಟೀ ಕುಡಿಯುವಾಗ ಆಫೀಸಿನವರ ಫೋನು ಬಂತು. ಇವರ ಕಡೆಯ ಮಾತು ನನಗೆ ಕೇಳಿತು.

"ಎಷ್ಟು ಸಲ ಬೇಕಾದ್ರೂ ಎಳೀರಿ ಸ್ವಾಮಿ, ಆಮೇಲೆ ಸೋರಲ್ಲ. ಬೆಳಗಿನ ಮೊದಲನೇದು ನೋಡಬೇಕು... ಇಲ್ಲ, ಕೊಟ್ಟಿಲ್ಲ. ಪಾಸ್ ಅಂತ ಎಲ್ಲಿ ಹೇಳಿದೆ? ನನ್ನ ಕಣ್ಣು ಮಂಜಾಗಿದೆ, ಕನ್ನಡಕ ಬರಲಿ. ನಾಳೆ."

ಫೋನಿಟ್ಟು ಚಪ್ಪಲಿ ಹಾಕಿಕೊಂಡರು. ಕನ್ನಡಕದ ಅಂಗಡಿಗೆ ಹೊರಟರು.

"ಕೊಡೆ ಪಾಸಾ ಫೇಲಾ? ಪುಟ್ಟಿಗೆ ಏನು ಹೇಳಲಿ?" ಅಂದೆ.

"ಬಂದು ಹೇಳ್ತೀನಿ," ಅಂದರು.

ಬರಲಿಲ್ಲ. ಕನ್ನಡಕದ ಅಂಗಡಿಯ ಬೆಂಚಿನ ಮೇಲೆ ಕೂತಿದ್ದವರು ಹಾಗೇ ವಾಲಿದರಂತೆ. ಪಕ್ಕದವರು ನಿದ್ದೆ ಅಂದುಕೊಂಡರಂತೆ. ಕನ್ನಡಕವನ್ನು ಅಂಗಡಿಯವರು ಆಮೇಲೆ ಮನೆಗೆ ಕಳಿಸಿಕೊಟ್ಟರು. ನನ್ನ ಹತ್ತಿರ ಇದೆ. ನನ್ನ ಕಣ್ಣಿಗೆ ಆಗುವುದಿಲ್ಲ.

ಅಳುವುದರ ಬಗ್ಗೆ ನಾನು ಬರೆಯುವುದಿಲ್ಲ. ಅತ್ತೆ.

ಜನ ಬಂದು ಹೋಗಿ ಮನೆ ಖಾಲಿಯಾದ ಮೇಲೆ ಆಫೀಸಿನವರು ಬಂದರು. ಕೈಯಲ್ಲಿ ಫೋನು ಹಿಡಿದು ತೋರಿಸಿದರು. ಕೊಡೆಯ ಚಿತ್ರ, ಅದರ ಪಕ್ಕ ಸಾಲಾಗಿ ನಕ್ಷತ್ರ, ಕೆಳಗೆ ನಮ್ಮವರ ಫೋಟೋ.

"ಅವರ ಕೊನೇ ಕೆಲಸ. ಗೌರವ ಇರಲಿ ಅಂತ ಫೋಟೋ ಹಾಕಿದ್ವಿ," ಅಂದರು. ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರಲ್ಲ.

"ಪಾಸ್ ಅಂತ ಅವರು ಹೇಳಿದ್ರಾ?"

"ನಾವು ಆಫೀಸಲ್ಲೂ ನೋಡಿದ್ವಿ ಅಮ್ಮ. ಒಂದೇ ಸಮ ಎಳೆದು, ಹಾಕಿ ನೋಡಿದ್ವಿ. ಇಡೀ ದಿನದಲ್ಲಿ ಒಂದು ಸಲ ಏನೋ ಮಿಂಚಿತು ಅಂತ ಹುಡುಗರು ಅಂದ್ರು. ಅಷ್ಟಕ್ಕೆ ಫೇಲ್ ಮಾಡಕ್ಕಾಗುತ್ತಾ?"

ಫೇಲ್ ಅನ್ನಲು ನನಗೆ ಏನು ಗೊತ್ತಿತ್ತು. ವೈರು ಎಳೆಯುವುದು ಗೊತ್ತಿತ್ತು.

ಅದೇ ವಾರ ಪುಟ್ಟಿ ಬಂದಳು, ಜೊತೆಗೆ ಗಂಡ. ಅವನು ಮುಂದಿನ ಕೋಣೆಯಲ್ಲಿ ಕೂತ. ಕಣ್ಣು ನೇರ ಹಲಗೆಯ ಮೇಲೆ ಹೋಯಿತು.

"ಅತ್ತಿಗೆ, ಈ ಪೆಟ್ಟಿಗೆ ಮ್ಯೂಸಿಯಂಗೆ ಕೊಡಿ. ನಮ್ಮ ಕಂಪನಿದು ಹೊಸದು ಹಾಕಿಸ್ತೀನಿ. ನಾನೇ ನೋಡ್ಕೋತೀನಿ. ನಿಮಗೆ ಇನ್ನು ಯಾರಿದಾರೆ ನೋಡ್ಕೊಳ್ಳೋರು?"

"ಇವರು ಇಟ್ಟದ್ದು. ಇರಲಿ."

"ಇಟ್ಟೋರು ಹೋದ್ರಲ್ಲ."

"ಪೆಟ್ಟಿಗೆ ಹೋಗಿಲ್ವಲ್ಲ."

ಅವನು ನಕ್ಕ. ನಾನು ಟೀ ಮಾಡುವ ನೆಪದಲ್ಲಿ ಒಳಗೆ ಬಂದೆ. ಅಡುಗೆಮನೆಯಲ್ಲಿ ಪುಟ್ಟಿ ನಲ್ಲಿ ಜೋರಾಗಿ ಬಿಟ್ಟಳು, ಮಾತು ಕೇಳದಿರಲಿ ಅಂತ.

"ಅಕ್ಕ, ಭಾವ ಕೊಡೆ ಪಾಸ್ ಮಾಡಿದ್ರಂತೆ. ಫೋಟೋನೇ ಹಾಕಿದಾರೆ, ಪಕ್ಕದ ಮನೆಯವಳ ಫೋನಲ್ಲಿ ನೋಡಿದೆ. ಇವತ್ತೇ ಹಾಕ್ಕೊಂಡು ಹೋಗ್ತೀನಿ. ಅರ್ಜಿಗೆ ಕೊನೇ ದಿನ ಹತ್ತಿರ ಬಂತು."

"ಬೇಡ."

"ಯಾಕೆ?"

"ಬಂದು ಹೇಳ್ತೀನಿ ಅಂದಿದ್ರು. ಹೇಳಲಿಲ್ಲ."

"ಅಕ್ಕ, ಸತ್ತೋರು ಬಂದು ಹೇಳ್ತಾರಾ?" ಅಂದಳು. ಅಂದವಳೇ ನನ್ನ ಕೈ ಹಿಡಿದುಕೊಂಡಳು. "ನನಗೆ ಆ ಮನೇಲಿ ಗಾಳಿ ಸಾಲ್ತಿಲ್ಲ ಅಕ್ಕ."

"ನೀರು ನಿಲ್ಲಿಸಿ," ಅಂದ ಸೂಪರ್‌ವೈಸರು ಹೊರಗಿಂದ. "ಟ್ಯಾಂಕ್ ಖಾಲಿ ಆಗುತ್ತೆ."

"ಸ್ವಲ್ಪ ದಿನ ತಡಿ. ನಾನು ನೋಡ್ತೀನಿ," ಅಂದೆ ಪುಟ್ಟಿಗೆ. ಅವಳು ನನ್ನನ್ನು ನೋಡಿದ ರೀತಿ ನನಗೆ ಗೊತ್ತು. ನಾಲ್ಕನೇ ಕ್ಲಾಸಿನವಳು ಏನು ನೋಡುತ್ತಾಳೆ ಅಂತ.

ಮರುದಿನ ಬೆಳಿಗ್ಗೆ ಅವರ ಕೋಣೆಗೆ ಹೋದೆ. ಫೋನು, ಕಂಪ್ಯೂಟರು ಎರಡೂ ಉರಿಯುತ್ತಲೇ ಇದ್ದವು. ಅವರು ಯಾವತ್ತೂ ಆರಿಸುತ್ತಿರಲಿಲ್ಲ. ಪರದೆ ಹಸಿರು. ನಾನು ಬಾಗಿಲಿಗೆ ಹೋಗಿ ವೈರು ಎಳೆದೆ, ಹಾಕಿದೆ, ಓಡಿದೆ. ಪ್ಯಾಸೇಜಿನಲ್ಲಿ ಸ್ಟೂಲು ಎಡವಿದೆ. ಹೋಗಿ ನೋಡಿದರೆ ಹಸಿರು. ನಡುವೆ ಏನಾಯಿತೋ ಯಾರಿಗೆ ಗೊತ್ತು. ಮತ್ತೆ ಎಳೆದೆ, ಮತ್ತೆ ಓಡಿದೆ. ಮತ್ತೆ ಹಸಿರು. ಆಮೇಲೆ ಅವರು ಫೋನಿನಲ್ಲಿ ಅಂದದ್ದು ನೆನಪಾಯಿತು, ಇನ್ನು ಎಷ್ಟು ಎಳೆದರೂ ಮೊದಲ ಸಲ ಬಂದದ್ದು ಮತ್ತೆ ಬರುವುದಿಲ್ಲ. ಮೊದಲನೆಯದು ಮುಗಿದು ಹೋಗಿತ್ತು. ನಾಳೆ ತನಕ ಕಾಯಬೇಕು.

ಆವತ್ತು ಇಡೀ ದಿನ ನಾನು ಆ ಮೂಲೆಯಲ್ಲೇ ಕೂತಿದ್ದೆ. ಒಬ್ಬಳೇ ಎರಡು ಕಡೆ ಇರಲು ಆಗುವುದಿಲ್ಲ. ಪರದೆಯನ್ನು ಬಾಗಿಲಿಗೆ ತರೋಣ ಅಂದರೆ ಆ ವೈರುಗಳ ಗೂಡು. ಒಂದು ಬಿಚ್ಚಿದರೆ ಮತ್ತೆ ಎಲ್ಲಿ ಸಿಕ್ಕಿಸುವುದು ನನಗೆ ಗೊತ್ತಿಲ್ಲ. ಯಾರನ್ನಾದರೂ ಕರೆಯೋಣ ಅಂದರೆ ಏನಂತ ಹೇಳಿ ಕರೆಯುವುದು. ಮಾತು ಬಾಯಿಂದ ಬಾಯಿಗೆ ಹೋಗಿ ಸೂಪರ್‌ವೈಸರ್‌ಗೆ ಮುಟ್ಟುತ್ತದೆ. ಗೋಡೆ ಈ ಕಡೆ ನಾನು, ಆ ಕಡೆ ಪರದೆ. ಅಲ್ಲಿ ಪುಟ್ಟಿ, ಅವಳ ಬಾಗಿಲ ಹೊರಗೆ ಬೀಗ.

ಸಂಜೆ ಕಸ ಗುಡಿಸುವಾಗ ಮಲಗುವ ಕೋಣೆಯ ನಿಲುವುಗನ್ನಡಿ ಕಂಡಿತು. ಅದು ನನಗೆ ಈಗ ಬೇರೆ ಯಾವುದಕ್ಕೂ ಬೇಕಿರಲಿಲ್ಲ. ಎಳೆದುಕೊಂಡು ಬಂದು ಪ್ಯಾಸೇಜಿನ ತಿರುವಿಗೆ ನಿಲ್ಲಿಸಿದೆ. ಓರೆ ಮಾಡಿದೆ, ಕೆಳಗೆ ಮಡಿಸಿದ ಬಟ್ಟೆ ಒತ್ತಿದೆ. ಬಾಗಿಲ ಹತ್ತಿರ ನಿಂತು ನೋಡಿದೆ. ಅಕ್ಷರ ಕಾಣಲಿಲ್ಲ. ಬಣ್ಣ ಕಂಡಿತು. ನನಗೆ ಬಣ್ಣ ಸಾಕು. ಅವರ ಕುರ್ಚಿಯೂ ಕಂಡಿತು.

ಬೆಳಿಗ್ಗೆ ಎದ್ದು ಮುಖ ತೊಳೆದು, ಕನ್ನಡಿ ನೋಡುತ್ತಾ ವೈರು ಎಳೆದೆ. ಬಿಳಿ. ಕಣ್ಣು ಮಿಟುಕಿಸದೆ ಹಾಕಿದೆ. ಬಿಳಿ, ಬಿಳಿ, ಆಮೇಲೆ ಕೆಂಪು. ಬೆಂಕಿಕಡ್ಡಿ ಗೀರಿದಷ್ಟು ಹೊತ್ತು. ಆಮೇಲೆ ಹಸಿರು, ಏನೂ ಆಗೇ ಇಲ್ಲ ಅನ್ನುವ ಹಾಗೆ.

ಮತ್ತೆ ಎಳೆದೆ. ಈ ಸಲ ಕೆಂಪು ಇಲ್ಲ. ಇನ್ನೊಂದು ಸಲವೂ ಇಲ್ಲ. ಮರುದಿನದ ಮೊದಲ ಎಳೆತಕ್ಕೆ ಮತ್ತೆ ಕೆಂಪು.

ಕೊಡೆ ಸೋರುತ್ತಿತ್ತು. ಬೆಳಿಗ್ಗೆ ಎದ್ದು ಪುಟ್ಟಿ ಮೊದಲ ಸಲ ಫೋನು ತೆಗೆದಾಗ, ಆ ಕಡ್ಡಿ ಗೀರಿದಷ್ಟು ಹೊತ್ತಿನಲ್ಲಿ ಆಸ್ಪತ್ರೆಯ ಹೆಸರು ಗಂಡನ ಪೆಟ್ಟಿಗೆಗೆ ಬೀಳುತ್ತಿತ್ತು.

ಆಫೀಸಿನವರಿಗೆ ಫೋನು ಮಾಡಿ ಹೇಳಿದೆ.

"ಅವರೂ ಹೀಗೇ ತಲೆ ತಿಂತಿದ್ರು," ಅಂದರು. ದನಿ ಮೆತ್ತಗಿತ್ತು. "ಕಂಪನಿಯವರಿಗೆ ಬರೀತೀನಿ ಅಮ್ಮ. ಆದರೆ ಸಾವಿರ ಜನದಲ್ಲಿ ಯಾರಿಗೆ ಇದರಿಂದ ಏನಾಗುತ್ತೆ?"

"ಒಬ್ಬರಿಗೆ ಆಗುತ್ತೆ."

"ಯಾರಿಗೆ?"

ಹೇಳುವ ಹಾಗಿರಲಿಲ್ಲ. "ಫೋಟೋ ತೆಗೀರಿ," ಅಂದೆ. ತೆಗೆದರು. ನಕ್ಷತ್ರ ಹಾಗೇ ಇವೆಯಂತೆ.

ಪುಟ್ಟಿಯ ಮನೆಗೆ ಹೋದೆ. ರಜೆ ದಿನ, ಗಂಡ ಬಾಗಿಲಲ್ಲೇ ಇದ್ದ. ಅವಳ ಹಳೇ ಸೀರೆ ಒಂದು ನನ್ನ ಹತ್ತಿರ ಉಳಿದಿತ್ತು, ಕೊಡಲು ಬಂದೆ ಅಂದೆ. ಅಡುಗೆಮನೆಯಲ್ಲಿ ಈ ಸಲ ನಲ್ಲಿ ಬಿಡಲಿಲ್ಲ, ಪಾತ್ರೆ ತಿಕ್ಕಿದೆವು.

"ಫೇಲು," ಅಂದೆ.

ಅವಳು ತಿಕ್ಕುತ್ತಲೇ ಇದ್ದಳು. "ಹಾಗಾದ್ರೆ ಈ ಸಲದ ಅರ್ಜಿ ಹೋಯ್ತು."

"ಹೋಯ್ತು."

"ನಾಳೆಯೊಳಗೆ ಇನ್ನೊಂದು ನೋಡಕ್ಕಾಗಲ್ವಾ?"

"ದಿನಕ್ಕೆ ಒಂದೇ ಎಳೆತ ಕಣೇ ನನ್ನ ಕೈಲಿರೋದು."

ಅವಳು ಅಳಲಿಲ್ಲ. ತಟ್ಟೆ ತೊಳೆದು ಬೋರಲು ಹಾಕಿದಳು. "ಭಾವನೂ ಇಷ್ಟೇ ನಿಧಾನ ಇದ್ರು," ಅಂದಳು.

ಹಳೇ ಫೋನಿನಲ್ಲಿ ಅವರು ಹಾಕಿಟ್ಟ ಪೈಪುಗಳು ಇನ್ನೂ ಇದ್ದವು. ಬೀಗದ ಚಿತ್ರದ್ದು ಮೊದಲ ದಿನವೇ ಕೆಂಪಾಯಿತು. ದೋಣಿಯದ್ದು ಎಲ್ಲಾ ಸರಿ ಇತ್ತು, ಆದರೆ ಮನಸ್ಸು ಬಂದಾಗ ಬಿಳಿಯಲ್ಲೇ ಕೂತು ಬಿಡುತ್ತಿತ್ತು, ಹಸಿರಾಗುತ್ತಲೇ ಇರಲಿಲ್ಲ. ಸೋರದಿದ್ದರೂ ನೀರು ಬರದ ಪೈಪು ಯಾರಿಗೆ ಬೇಕು. ಪಾಠದ ನಡುವೆ ನಿಂತರೆ ಪುಟ್ಟಿ ಏನು ಮಾಡಬೇಕು. ಕೊನೆಗೆ ಹಕ್ಕಿಯದು. ಅದಕ್ಕೂ ಸಿನಿಮಾದ ವೇಷ, ಲೆಕ್ಕದ ಯಂತ್ರದ ಚಿತ್ರ ಇದ್ದವು. ಎಳೆದರೆ ಬಿಳಿ, ಹಾಕಿದರೆ ಬಿಳಿಯಿಂದ ನೇರ ಹಸಿರು. ಮರುದಿನವೂ ಹಾಗೇ. ಅದರ ಮರುದಿನವೂ. ನಾನು ನಂಬಲಿಲ್ಲ. ಇನ್ನೊಂದು ತಿಂಗಳು ನೋಡಿದೆ.

ಆ ತಿಂಗಳಲ್ಲಿ ಸೂಪರ್‌ವೈಸರು ಒಬ್ಬನೇ ಒಂದು ಸಲ ಬಂದ. ಕಂಕುಳಲ್ಲಿ ಹೊಸ ಪೆಟ್ಟಿಗೆ. ಒಳಗೆ ಕಾಲಿಟ್ಟವನು ಕನ್ನಡಿ ನೋಡಿ ನಿಂತ.

"ಇದೇನು ಇಲ್ಲಿ?"

"ಒಳಗಿದ್ರೆ ಬಾಗಿಲಿಗೆ ಯಾರು ಬಂದ್ರು ಅಂತ ಕಾಣುತ್ತೆ. ಒಂಟಿ ಹೆಂಗಸು."

ಅವನು ಕನ್ನಡಿಯಲ್ಲಿ ನೋಡಿದ. ಹಸಿರು ಪರದೆ ಕಂಡಿರಬೇಕು. ಖಾಲಿ ಕುರ್ಚಿಯೂ ಕಂಡಿರಬೇಕು.

"ಅದನ್ನ ಯಾಕೆ ಹಾಕಿಟ್ಟಿದೀರ?"

"ಅವರು ಆರಿಸ್ತಿರಲಿಲ್ಲ."

ಅವನು ಪೆಟ್ಟಿಗೆಯ ವೈರಿಗೆ ಕೈ ಹಾಕಿದ. ನಾನು ಅವನ ಕೈ ಮೇಲೆ ಕೈ ಇಟ್ಟೆ. ಆ ವರೆಗೆ ನಾನು ಅವನನ್ನು ಮುಟ್ಟಿದವಳಲ್ಲ. ಅವನು ನನ್ನ ಮುಖ ನೋಡಿ ಕೈ ತೆಗೆದ. ಹೊಸ ಪೆಟ್ಟಿಗೆ ತೆಗೆದುಕೊಂಡು ಹೋದ. ಅಕ್ಕನಿಗೆ ತಲೆ ಕೆಟ್ಟಿದೆ ಅಂತ ಪುಟ್ಟಿಗೆ ಹೇಳಿದನಂತೆ. ಹೇಳಲಿ. ಕೆಟ್ಟ ತಲೆಯವರ ಮನೆಗೆ ಯಾರೂ ಪದೇ ಪದೇ ಬರುವುದಿಲ್ಲ.

ಪುಟ್ಟಿ ಹಕ್ಕಿಯನ್ನು ನನ್ನ ಮನೆಯಲ್ಲೇ ಹಾಕಿಕೊಂಡು ಹೋದಳು. ಆಸ್ಪತ್ರೆಯವರು ಮತ್ತೆ ಕರೆದಿದ್ದರು, ಅರ್ಜಿ ಹೋಯಿತು. ಪಾಠ ನಡೆಯುತ್ತಿದೆ. ಗಂಡ ಸಂಜೆ ಪೆಟ್ಟಿಗೆ ನೋಡಿ, "ಮೂರು ಹೊತ್ತೂ ಸಿನಿಮಾ ನೋಡ್ತಾ ಬಿದ್ದಿರ್ತೀಯ, ಕಣ್ಣು ಹಾಳಾಗುತ್ತೆ" ಅನ್ನುತ್ತಾನಂತೆ. ಪರೀಕ್ಷೆ ಇನ್ನೂ ಆಗಿಲ್ಲ. ಅವಳು ಇನ್ನೂ ಅಲ್ಲೇ ಇದ್ದಾಳೆ. ಹೊರಗೆ ಬೀಗ ಇನ್ನೂ ಬೀಳುತ್ತದೆ.

ಹಕ್ಕಿಯ ಆ ಕಡೆಯವರು ನಮ್ಮದನ್ನು ಬರೆದಿಟ್ಟುಕೊಳ್ಳುತ್ತಾರಾ ನನಗೆ ಗೊತ್ತಿಲ್ಲ. ನಮ್ಮವರಿಗೂ ಗೊತ್ತಿರಲಿಲ್ಲ. ಪುಟ್ಟಿ ಹೆದರುವುದು ಆ ಕಡೆಯವರಿಗಲ್ಲ, ಒಬ್ಬನಿಗೆ. ಆದರೆ ಕಂಪನಿಯವರು ಆಗಾಗ ಹೊಸದು ಸೇರಿಸುತ್ತಾರೆ. ಫೋನು ತಾನಾಗಿ ಬದಲಾಗುತ್ತದೆ. "ನಿನ್ನೆ ಸೋರದ್ದು ಇವತ್ತು ಸೋರಬಹುದು" ಅಂತ ನಮ್ಮವರು ಹೇಳುತ್ತಿದ್ದರು. ಹಾಗಾಗಿ ನಾನು ಎಲ್ಲಿಗೂ ಹೋಗುವುದಿಲ್ಲ. ದೂರದ ಊರಲ್ಲಿರುವ ನಮ್ಮಣ್ಣ ತನ್ನ ಮನೆಗೆ ಬಂದು ಇರು ಅಂತ ಕರೆದ, ಹೋಗಲಿಲ್ಲ. ನಾನು ನೋಡಿ ಸನ್ನೆ ಕೊಟ್ಟ ಮೇಲೇ ಪುಟ್ಟಿ ಪಾಠ ತೆಗೆಯುವುದು. ಒಂದು ಬೆಳಿಗ್ಗೆ ತಪ್ಪಿದರೆ ಆ ಬೆಳಿಗ್ಗೆ ಅವಳಿಗಿಲ್ಲ.

ಎದ್ದು ಮುಖ ತೊಳೆಯುತ್ತೇನೆ. ಕನ್ನಡಿಯ ಧೂಳು ಸೆರಗಿನಲ್ಲಿ ಒರೆಸುತ್ತೇನೆ. ಬಾಗಿಲ ಪಕ್ಕ ನಿಂತು ವೈರು ಎಳೆಯುತ್ತೇನೆ. "ಎಳೆದೆ" ಅನ್ನುತ್ತೇನೆ, ಅಭ್ಯಾಸ. ಬಿಳಿ. ಹಾಕುತ್ತೇನೆ. ಬಿಳಿ, ಬಿಳಿ, ಹಸಿರು. ಆಮೇಲೆ ಪುಟ್ಟಿಯ ಫೋನಿಗೆ ಒಂದು ಮಿಸ್ ಕಾಲ್ ಕೊಟ್ಟು ಟೀ ಇಡುತ್ತೇನೆ.